ಹನ್ನೆರಡು ಇಂಟು ಹದಿನಾರು

ಹಳೆಯ ಕಂಪ್ಯೂಟರಿಗೆ ಏಳು ಸಾವಿರ. ಗೇಮ್ ಆಡಲು ಬೇಕಾದ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ ಆರು ಸಾವಿರ. ಈಗ ಜ್ಯೋತಿಯ ಅಪ್ಪನ ಜೇಬಿನಲ್ಲಿ ಬಸ್ಸಿನ ದುಡ್ಡು ಬಿಟ್ಟು ಉಳಿದದ್ದು ಎರಡೂವರೆ ಸಾವಿರ. ಅದರಲ್ಲೇ ಎಲ್ಲದಕ್ಕೂ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ ಬರಬೇಕು, ಬಣ್ಣದ ಲೈಟಿನ ಕೀಬೋರ್ಡೂ ಬರಬೇಕು.

"ಎರಡೂ ಬರ್ತದೆ ಮಾರಾಯ್ರೆ, ಎಂತಕ್ಕೆ ತಲೆಬಿಸಿ?" ಅಂದರು ಅಂಗಡಿಯ ಮುರಾರಿ ಅಂಕಲ್. ಕೆಂಪಗೆ ಹೊಳೆಯುವ ಪವರ್ ಸಪ್ಲೈ ಒಂದನ್ನು ಗಾಜಿನ ಮೇಲಿಟ್ಟರು. ಅದರ ಮೇಲೆ ಅಂಗೈಯಷ್ಟು ದೊಡ್ಡದಾಗಿ 600 ವ್ಯಾಟ್ ಎಂದು ಬರೆದಿತ್ತು. "ಇದು ಸಾವಿರದ ಮುನ್ನೂರು. ಕೀಬೋರ್ಡ್ ಸಾವಿರದ ಇನ್ನೂರು. ನಮ್ಮ ಕನ್ನಡದವರು ಅಂತ ಕೊಡ್ತಾ ಇದ್ದೇನೆ."

ಅಪ್ಪ ಹುಲಗಪ್ಪನ ಮುಖ ಅರಳಿತು. ತುರ್ಭೆಯಿಂದ ವಾಶಿಯ ಈ ಅಂಗಡಿಗೆ ಅವನು ಬಂದದ್ದೇ ಅದಕ್ಕೆ. ಉಡುಪಿಯವರಾದರೇನು, ಈ ಮರಾಠಿ ಊರಿನಲ್ಲಿ ಕನ್ನಡದವರು.

ಜ್ಯೋತಿ ಕಪಾಟಿನ ಕಡೆ ಕೈ ತೋರಿಸಿದಳು. "ಅಂಕಲ್, ಆ ಕರೀದು?"

"ಅದಾ? ಬರೀ ನಾನೂರೈವತ್ತು ವ್ಯಾಟ್. ಎರಡೂವರೆ ಸಾವಿರ. ಸಣ್ಣ ನಂಬರಿಗೆ ದೊಡ್ಡ ದುಡ್ಡು ಯಾರು ಕೊಡ್ತಾರೆ ಮಗಾ?"

ಅಪ್ಪ ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ತೂಕ ನೋಡಿದ. ಅವನು ಮಾರ್ಕೆಟಿನಲ್ಲಿ ಚೀಲ ಹೊರುವವನು. ತೂಕದ ಕಾಟಾ ತಪ್ಪಿದರೂ ಹುಲಗಪ್ಪನ ಕೈ ತಪ್ಪುವುದಿಲ್ಲ ಎಂದು ಅಲ್ಲಿ ಎಲ್ಲರೂ ಹೇಳುತ್ತಿದ್ದರು.

"ಕೆಂಪಂದು ವಜ್ಜಿ ಅದ," ಅಂದ. "ವಜ್ಜಿ ಇದ್ದದ್ದ ಗಟ್ಟಿ. ಇದನ್ನ ಕಟ್ರಿ."

"ಬ್ಯಾಡ," ಅಂದಳು ಜ್ಯೋತಿ.

ಅಣ್ಣ ಜೈಭೀಮನಿಗೆ ಇವತ್ತು ರಜೆ ಸಿಕ್ಕಿರಲಿಲ್ಲ. ಮನೆಮನೆಗೆ ಪಾರ್ಸೆಲ್ ಹಂಚಿ ಕೂಡಿಸಿದ ದುಡ್ಡಿನಲ್ಲೇ ಅವನು ಕಾರ್ಡ್ ತಂದಿದ್ದ. ಬೆಳಿಗ್ಗೆ ತಂಗಿಗೆ ಹೇಳಿಯೇ ಹೋಗಿದ್ದ: "ಮುಂದಿನ ನಂಬರ್ ನೋಡಬ್ಯಾಡ, ಹಿಂದಿನ ಚೀಟಿ ನೋಡು. ಪವರ್ ಸಪ್ಲೈ ಕೆಟ್ಟದಿದ್ರ ತಾನೂ ಸುಡ್ತದ, ಕಾರ್ಡನ್ನೂ ಸುಡ್ತದ. ಇನ್ನೊಂದು ತರೂದು ನನ್ನ ಕೈಲೆ ಆಗಂಗಿಲ್ಲ."

ಜ್ಯೋತಿ ಕೆಂಪು ಡಬ್ಬಿಯನ್ನು ತಿರುಗಿಸಿ ಚೀಟಿಯ ಮೇಲೆ ಬೆರಳಿಟ್ಟಳು.

"ಕಾರ್ಡಿಗೆ ಕರೆಂಟ್ ಹೋಗೂದು ಈ ಹನ್ನೆರಡು ವೋಲ್ಟಿನ ಲೈನಿಂದ. ಇಲ್ಲಿ ಹದಿನಾರು ಆಂಪ್ ಅಂತದ. ಹನ್ನೆರಡು ಇಂಟು ಹದಿನಾರು, ನೂರಾ ತೊಂಬತ್ತೆರಡು ವ್ಯಾಟ್. ನಮಗ ಕಡಿಮಿ ಅಂದ್ರೂ ಎರಡುನೂರಾ ಐವತ್ತು ಬೇಕಂತ ಅಣ್ಣ ಹೇಳ್ಯಾನ. ಆರುನೂರು ಎಲ್ಲದ ಅಂಕಲ್?"

"ಅಬ್ಬಬ್ಬಾ! ಇವಳೆಂತ ಇಂಜಿನಿಯರಾ?" ಮುರಾರಿ ಅಂಕಲ್ ನಕ್ಕರು. "ಕಂಪ್ಯೂಟರ್ ಆಡ್ಲಿಕ್ಕಾ, ಲೆಕ್ಕ ಮಾಡ್ಲಿಕ್ಕಾ?"

"ಎರಡಕ್ಕೂ."

ಅಪ್ಪನ ಮುಖ ಬಿಗಿಯಿತು. "ಜ್ಯೋತೀ, ದೊಡ್ಡೋರ ಮುಂದ ಹಿಂಗ ಮಾತಾಡಬಾರದು. ನಾ ಕೈಯಾಗ ಹಿಡದು ನೋಡೀನಿ."

ಜ್ಯೋತಿ ಕಾರ್ಡಿನ ಚೀಲವನ್ನು ಎದೆಗೆ ಅವುಚಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಅದನ್ನ ತಗೊಂಡ್ರ ನಾ ಕಾರ್ಡ್ ಕೊಡಂಗಿಲ್ಲ. ಯಾರಿಗೂ ಕೊಡಂಗಿಲ್ಲ."

"ಲೈಟಿನ ಕೀಬೋರ್ಡ್ ಬರಂಗಿಲ್ಲ, ನೋಡು ಮತ್ತ."

ಜ್ಯೋತಿ ಕೀಬೋರ್ಡಿನ ಕಡೆ ನೋಡಿದಳು. ನೀಲಿ, ಗುಲಾಬಿ, ಹಸಿರು. ಪಕ್ಕದ ಖೋಲಿಯ ಮಾನಸಿಗೆ ತೋರಿಸುತ್ತೇನೆ ಎಂದು ಹೇಳಿಯೇ ಬಂದಿದ್ದಳು.

"ಬರದಿದ್ರ ಬ್ಯಾಡ."

"ಎಂಥಾ ಹಟಮಾರಿ ಹುಡುಗಿ ಇದು!" ಅಂದ ಅಪ್ಪ.

"ಅಪ್ಪಾ, ನೀನ ಹೇಳ್ತಿದ್ದಿಯಲ್ಲ, ಬ್ಯಾಳಿ ಚೀಲದಾಗ ಕಲ್ಲು ಹಾಕ್ತಾರಂತ. ಕಲ್ಲು ಹಾಕಿದ್ರ ಚೀಲ ವಜ್ಜಿ ಆಗ್ತದ. ಬ್ಯಾಳಿ ಹೆಚ್ಚಾಗ್ತದೇನು?"

ಅಪ್ಪ ಕೆಂಪು ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡ. ಈ ಸಲ ತೂಕ ನೋಡಲಿಲ್ಲ. ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ಕಲ್ಲು ಹಾಕಿದ ಚೀಲದ ಹಾಗೆ ಭಾರವೆಲ್ಲ ಒಂದೇ ಮೂಲೆಯಲ್ಲಿ ಕೂತಿತ್ತು.

"ಅಣ್ಣಾರ, ಇದನ್ನ ಬಿಚ್ಚಿ ತೋರಸ್ತೀರೇನ್ರಿ?"

"ಬಿಚ್ಚಿದರೆ ಸೀಲ್ ಹೋಗ್ತದಲ್ಲ. ವಾರಂಟಿ ಸಿಗುದಿಲ್ಲ." ಮುರಾರಿ ಅಂಕಲ್ ಸುಮ್ಮನೆ ಗಾಜು ಒರೆಸತೊಡಗಿದರು.

ಅಪ್ಪ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ. "ಕರೀದು ಕಟ್ರಿ."

ಬಸ್ಸಿನಲ್ಲಿ ಅಪ್ಪ ಕರೀ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಜ್ಯೋತಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಪರರ ಎದುರು ಅಪ್ಪನ ಕೈಯನ್ನೇ ಸುಳ್ಳು ಮಾಡಿದೆ ಎಂದು ಒಳಗೊಳಗೇ ಚುಚ್ಚುತ್ತಿತ್ತು. ಆದರೂ ಅವಳು ತಪ್ಪಾಯಿತು ಅನ್ನಲಿಲ್ಲ.

ತುರ್ಭೆ ಹತ್ತಿರ ಬಂದಾಗ ಅಪ್ಪ ಡಬ್ಬಿಯನ್ನು ಅವಳ ಕಡೆ ಸರಿಸಿದ. "ಇದರಾಗ ಆ ಹನ್ನೆರಡು ಎಲ್ಲದ? ತೋರಸು."

ಜ್ಯೋತಿ ತೋರಿಸಿದಳು. ಹನ್ನೆರಡು ವೋಲ್ಟ್, ಮೂವತ್ತಾರು ಆಂಪ್.

ಅಪ್ಪನ ತುಟಿ ಅಲ್ಲಾಡತೊಡಗಿತು. ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಹೇಳಲಿಲ್ಲ. ಬಸ್ಸು ಸಿಗ್ನಲಿನಲ್ಲಿ ನಿಂತಿತು, ಹೊರಟಿತು. ಅವಳು ಕಾದಳು.

"ನಾನೂರಾ... ಮೂವತ್ತೆರಡು?"

"ಬರೋಬ್ಬರಿ!" ಅಂದಳು ಜ್ಯೋತಿ.

ಸಂಜೆ ಅಣ್ಣ ಬಂದು ಎಲ್ಲವನ್ನೂ ಜೋಡಿಸಿದ. ಫ್ಯಾನು ತಿರುಗಿತು, ಗೇಮ್ ಓಡಿತು. ಕೀಬೋರ್ಡ್ ಮಾತ್ರ ಹಳೆಯದೇ, ಅಕ್ಷರ ಅಳಿಸಿದ್ದು. ಮಾನಸಿ ಬಂದು ನೋಡಿ, "ಲೈಟೇ ಇಲ್ಲ!" ಎಂದು ನಕ್ಕಳು.

ಬಣ್ಣದ ಕೀಬೋರ್ಡ್ ಹೋಯಿತು. ಅಣ್ಣನ ಕಾರ್ಡ್ ಉಳಿಯಿತು.