ದೂರುಪಟ್ಟಿಯಲ್ಲಿ ಕಳೆದುಹೋದ ಪತ್ರ

"ನಿಮ್ಮ ಕಂಪನಿಯವರು ನಾಚಿಕೆಯನ್ನೂ ಪುಕ್ಕಟೆ ಕೊಟ್ರೆ ಮಾತ್ರ ತಗೊಳ್ತಾರಾ?"

ಮೂರು ವರ್ಷಗಳ ನಂತರ ಬಾಗಿಲಿಗೆ ಬಂದು ನಿಂತವನಿಗೆ ಅವಳು ಹೇಳಿದ ಮೊದಲ ಮಾತು ಇದು. ಅವನನ್ನು ಕಂಡೊಡನೆ ಎದೆ ಧಸಕ್ಕೆಂದಿತ್ತು... ಆದರೆ ಅದನ್ನು ತೋರಿಸಿಕೊಳ್ಳುವ ಹೆಣ್ಣಲ್ಲ ಅವಳು.

"ಆ ಪೆಟ್ಟಿಗೇಲೇನು?"

"ಟೀ ಶರ್ಟು. ಕೃತಜ್ಞತೆಗೆ ಅಂತ ಕಂಪನಿ ಕಳಿಸಿದೆ."

ಕೃತಜ್ಞತೆಯಂತೆ! ಪುಸ್ತಕದ ಬೆನ್ನಿಗೆ, ಔಷಧಿ ಡಬ್ಬಿಗೆ, ಪಾರ್ಸಲ್ಲಿಗೆ ಅಂಟಿಸುವ ಚೀಟಿ ಮುದ್ರಿಸುವ ತಂತ್ರಾಂಶವೊಂದನ್ನು ಅವಳ ದೊಡ್ಡಪ್ಪ ಹದಿನೆಂಟು ವರ್ಷಗಳ ಹಿಂದೆ ಬರೆದು, ಯಾರು ಬೇಕಾದರೂ ಬಳಸಿ, ಯಾರು ಬೇಕಾದರೂ ತಿದ್ದಿ ಎಂದು ಲೋಕಕ್ಕೆ ಬಿಟ್ಟಿದ್ದರು. ಬಳಸುವವರು ಲೆಕ್ಕವಿಲ್ಲದಷ್ಟು. ತಿದ್ದುವವಳು ಈಗ ಇವಳೊಬ್ಬಳೇ. ಇವನ ಕಂಪನಿಯ ಗೋದಾಮುಗಳೆಲ್ಲ ಅದನ್ನೇ ನಂಬಿದ್ದವು. ನೆರವು ಕೇಳಿದರೆ ಕಿವುಡು, ಚೀಟಿ ಕೂದಲೆಳೆಯಷ್ಟು ಓರೆಯಾದರೆ ಮಾತ್ರ 'ತುರ್ತು' ಎಂದು ಬಾಯಿ ಬಡಿದುಕೊಳ್ಳುವ ಮಹಾನುಭಾವರು!

ಈ ಯೋಜನೆಗೆ ಹಣ ಕೊಡುತ್ತಿದ್ದದ್ದು ಒಂದು ಪ್ರತಿಷ್ಠಾನ; ವರ್ಷ ವರ್ಷವೂ ನೆರವು ಇಳಿಸುತ್ತಿದ್ದ ಅದು ಈಗ ಪೂರ್ತಿ ಕೈ ತೊಳೆದುಕೊಂಡಿತ್ತು. ಯೋಜನೆ ಮುಚ್ಚುವ ಯೋಚನೆಯಿದೆ ಎಂದು ಅವಳು ಬಳಸುವವರಿಗೆಲ್ಲ ಹೋದ ವಾರವೇ ತಿಳಿಸಿದ್ದಳು. ಮುಚ್ಚಿದೆ ಎಂಬ ಕೊನೆಯ ಪ್ರಕಟಣೆ ಇವತ್ತು ಸಂಜೆ ಐದಕ್ಕೆ.

"ಮುಚ್ಬೇಡ," ಎಂದನವನು.

"ಹೇಳೋಕೆ ನೀನ್ಯಾರು? ಇಲ್ಲಿ ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡ್ತಿದ್ದವನು, ದೊಡ್ಡ ಸಂಬಳ ಕಂಡ ಕೂಡ್ಲೆ ಒಂದು ಮಾತೂ ಹೇಳ್ದೆ ಓಡಿದೆ."

"ಬರೆದಿದ್ನಲ್ಲ. ನೀನೇ ಉತ್ತರ ಕೊಟ್ಟಿದ್ದೆ."

ಅವನು ಫೋನ್ ಚಾಚಿದ. ಬಳಸುವವರು ತಂತ್ರಾಂಶದ ತೊಂದರೆಗಳನ್ನು ಬರೆದು ಹಾಕುವ ದೂರುಪಟ್ಟಿಯಲ್ಲಿ, ಸಾವಿರಾರು ದೂರುಗಳ ನಡುವೆ ಅವನ ಬರಹ: 'ಬೇರೆ ಕೆಲಸ ಸಿಕ್ಕಿದೆ. ನೀನು ಬೇಡ ಅಂದ್ರೆ ಹೋಗಲ್ಲ. ನಿನ್ನನ್ನ ಬಿಟ್ಟಿರೋಕೆ ನನಗೆ ಮನಸ್ಸಿಲ್ಲ. ಏನಂತೀಯ?'

ಕೆಳಗೆ ಅವಳ ಹೆಸರಿನಲ್ಲಿ: 'ಮೂವತ್ತು ದಿನಗಳಿಂದ ಇದರಲ್ಲಿ ಯಾರೂ ಆಸಕ್ತಿ ತೋರಿಲ್ಲ. ಕೈಬಿಡಲಾಗಿದೆ.'

ಅವಳು ತಾರೀಕು ನೋಡಿದಳು. ಆ ತಿಂಗಳು ನೆರವು ಅರ್ಧಕ್ಕಿಳಿದು, ಹೊಟ್ಟೆಪಾಡಿಗೆ ಟೈಪಿಂಗ್ ಕಲಿಸಲು ಹೋಗುತ್ತಿದ್ದಳು. ದೂರು ಓದಲು ಪುರುಸೊತ್ತಿಲ್ಲದೆ, ಉತ್ತರ ಕಾಣದ ದೂರುಗಳನ್ನು ತಾನಾಗಿಯೇ ಕೈಬಿಡುವ ಪುಟ್ಟ ಪ್ರೋಗ್ರಾಂ ಬರೆದು ತನ್ನ ಹೆಸರಿನಲ್ಲೇ ಉತ್ತರ ಹೋಗುವಂತೆ ಕೂರಿಸಿದ್ದಳು. ಎಂಥ ಜಾಣೆ ನಾನು... ಥೂ!

"ಅದು ನಾನಲ್ಲ... ನನ್ನ ಪ್ರೋಗ್ರಾಂ. ನಾನು ಇದನ್ನ ಓದೇ ಇಲ್ಲ."

ಮೂಲೆಯಲ್ಲಿ ಕುಳಿತಿದ್ದ ದೊಡ್ಡಪ್ಪ ಪತ್ರಿಕೆ ಕೆಳಗಿಳಿಸಿದರು. "ಊರೆಲ್ಲ ಓದೋ ಜಾಗದಲ್ಲಿ ಯಾವ ಬುದ್ಧಿವಂತ ಕಣಯ್ಯಾ ಇಂಥದ್ದು ಬರೀತಾನೆ?"

"ಇವಳು ಓದ್ತಿದ್ದದ್ದು ಅದೊಂದೇ ಸಾರ್."

"ಒಬ್ಬ ಕೇಳೋಕೆ ಬಾರದವ, ಒಬ್ಬಳು ನೋಡೋಕೆ ಬಾರದವಳು. ಇಬ್ಬರೂ ಸೇರಿ ನನ್ನ ತಂತ್ರಾಂಶ ಕಾಪಾಡ್ತಾರಂತೆ," ಎನ್ನುತ್ತ ಅವರು ಎದ್ದು ಒಳಗೆ ಹೋದರು.

ಅವನು ಪೆಟ್ಟಿಗೆ ಕೆಳಗಿಟ್ಟ. "ವಾರಕ್ಕೆ ಮೂರು ದಿನ ನಾನು ಇಲ್ಲೇ ಕೆಲಸ ಮಾಡೋಕೆ ಕಂಪನಿಯವರು ಒಪ್ಪಿದ್ದಾರೆ. ಇಲ್ಲಿಗೂ ತಿಂಗಳು ತಿಂಗಳು ನೆರವು ಕೊಡ್ತಾರೆ. ಬರೆದೂ ಕೊಟ್ಟಿದ್ದಾರೆ."

"ಅವರಿಗೂ ಒಳ್ಳೇ ಬುದ್ಧಿ ಬಂತಾ?"

"ಇಲ್ಲ. ನೀನು ಮುಚ್ಚಿದ್ರೆ ಗೋದಾಮು ನಿಲ್ಲುತ್ತೆ ಅಂತ ಹೆದರಿಸ್ದೆ."

"ಹಾಗಾದ್ರೆ ಸರಿ. ಅವರ ಬುದ್ಧಿಗಿಂತ ಹೆದರಿಕೆ ಜಾಸ್ತಿ ಬಾಳಿಕೆ ಬರುತ್ತೆ."

ಬರೆದಿಟ್ಟಿದ್ದ ಪ್ರಕಟಣೆಯನ್ನು ಅವಳು ಅಳಿಸಿದಳು. ಖಾಲಿ ಪರದೆ ಮಂಜಾಗಿ ಕಂಡಿತು. ಮೂರು ವರ್ಷ ಇವನನ್ನು ಬೈದುಕೊಂಡದ್ದೆಲ್ಲ ನೆನಪಾಯಿತು.

"ಅವತ್ತು ಓದಿದ್ರೆ ಹೋಗ್ಬೇಡ ಅಂತಿದ್ದೆ," ಎಂದಳು ಮೆಲ್ಲಗೆ. "ಈಗ್ಲೂ ಅದನ್ನೇ ಹೇಳ್ತೀನಿ."

ಅವನು ಪಕ್ಕದ ಕುರ್ಚಿಯಲ್ಲಿ ಕುಳಿತ. "ಮೂರು ದಿನ ಬರ್ತೀನಲ್ಲ."

"ಅದು ತಂತ್ರಾಂಶಕ್ಕೆ."

"ಮತ್ತೆ ನಿನಗೆ?"

"ಏಳೂ ದಿನ."