ಗುಲಾಬಿ ಬೆಂಡು

ದಡದಿಂದಲೇ ಶಿವರಂಜಿನಿಗೆ ಅದು ಕಾಣಿಸಿತು. ದೊಡ್ಡಕಟ್ಟೆಯ ನಡುನೀರಿನಲ್ಲಿ ಹತ್ತು ನೀಲಿ ಬೆಂಡು, ಕೊನೆಯದೊಂದು ಗುಲಾಬಿ.

ಕುದೇರಿನ ಆಸುಪಾಸಿನಲ್ಲಿ ಬಲೆ ತೇಲಲೆಂದು ಎಲ್ಲರೂ ಹಳೇ ಹವಾಯಿ ಚಪ್ಪಲಿ ಕತ್ತರಿಸಿಯೇ ಬೆಂಡು ಮಾಡುವುದು. ಅದರಲ್ಲೇನೂ ವಿಶೇಷವಿಲ್ಲ. ಆದರೆ ಗುಲಾಬಿ ಬೆಂಡು ಇಡೀ ಕಟ್ಟೆಗೆ ಒಂದೇ ಒಂದು. ಅದು ಮಾದೇಶನದು. ಅವನದಾಗುವ ಮೊದಲು ಅದು ಶಿವರಂಜಿನಿಯ ಎಡಗಾಲಿನದು.

ಇವತ್ತೇ ಆಗಬೇಕಿತ್ತೇ ಇದು, ಎಂದುಕೊಂಡಳು.

ಜೂನ್ ಬಂದರೆ ಮೀನು ಮೊಟ್ಟೆಯಿಡುವ ಕಾಲ. ಲೈಸೆನ್ಸ್ ಇದ್ದವರೂ ಮೂರು ತಿಂಗಳು ನೀರಿಗೆ ಬಲೆ ಬಿಡುವಂತಿಲ್ಲ. ಬಿಟ್ಟರೆ ಬಲೆ ಸುಡಬೇಕು, ಲೈಸೆನ್ಸ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕು. ಮೂರು ಸಲ ಬರೆಸಿಕೊಂಡವನಿಗೆ ಜನ್ಮದಲ್ಲಿ ಮತ್ತೆ ಲೈಸೆನ್ಸ್ ಇಲ್ಲ. ಮಾದೇಶನ ಪುಸ್ತಕದಲ್ಲಿ ಆಗಲೇ ಎರಡು ಇದ್ದವು. ಎರಡೂ ಮೀನುಗಾರಿಕೆ ಇಲಾಖೆಯ ಶಿವರಂಜಿನಿ ಮೇಡಂ ಅವರ ದುಂಡನೆಯ ಅಕ್ಷರದಲ್ಲೇ ಇದ್ದವು.

ಹೋದ ವರ್ಷ ಕೆಲಸಕ್ಕೆ ಸೇರಿದ ವಾರದಲ್ಲೇ ಅವಳು ಈ ಕಟ್ಟೆಯ ಕೆಸರಿನಲ್ಲಿ ಕಾಲು ಹೂತು ನಿಂತಿದ್ದಳು. ಬಲಗಾಲು ಬಂತು, ಚಪ್ಪಲಿಯೂ ಬಂತು. ಎಡಗಾಲು ಮಾತ್ರ ಬರಿಗಾಲಾಗಿ ಬಂತು. ತೆಪ್ಪದಲ್ಲಿದ್ದ ಒಬ್ಬ ನಗದೆ, ನಗು ತಡೆದುಕೊಂಡ ಕಣ್ಣಿನಲ್ಲಿ, ನೀರು ಇಳಿದಾಗ ಹುಡುಕಿ ಕೊಡ್ತೀನಿ ಮೇಡಂ ಎಂದ. ಹುಡುಕಿದ, ಆದರೆ ಕೊಡಲಿಲ್ಲ. ಮುಂದಿನ ತಪಾಸಣೆಗೆ ಹೋದಾಗ ಅವನ ಬಲೆಯ ತುದಿಯಲ್ಲಿ ಗುಲಾಬಿ ಬೆಂಡು ತೇಲುತ್ತಿತ್ತು. ಅವಳು ಅಳತೆಕಡ್ಡಿ ಹಿಡಿದು ಬಲೆಯ ಕಣ್ಣು ಅಳೆದಳು, ಬೇಕೆಂದೇ ಬೆಂಡನ್ನೂ ಅಳೆದಳು. ಬೆಂಡಿಗೂ ರೂಲ್ಸ್ ಇದೆಯಾ ಎಂದು ಅವನು ಕೇಳಿದ. ಕದ್ದ ಮಾಲಿಗೆ ಇದೆ ಎಂದಳು. ಆ ದಿನ ಗುಂಡ್ಲುಪೇಟೆಯ ಮನೆ ಮುಟ್ಟುವವರೆಗೂ ಬಸ್ಸಿನ ಕಿಟಕಿಗೆ ಮುಖ ಮಾಡಿ ನಗುತ್ತಲೇ ಇದ್ದಳು.

ಉಳಿದ ಬಲಗಾಲಿನ ಚಪ್ಪಲಿ ಅವಳ ಬಟ್ಟೆ ಬೀರುವಿನ ತಳದಲ್ಲಿ ಭದ್ರವಾಗಿತ್ತು. ಒಂಟಿ ಚಪ್ಪಲಿ ಇಟ್ಟುಕೊಂಡು ಏನು ಪೂಜೆ ಮಾಡ್ತೀಯಾ ಎಂದು ಅಮ್ಮ ಎರಡು ಸಲ ಬೀದಿಗೆ ಎಸೆದಿದ್ದರು. ಎರಡು ಸಲವೂ ಮಗಳು ಹೋಗಿ ಆಯ್ದು ತಂದಿದ್ದಳು.

ಆಮೇಲೆ ಒಂದು ವರ್ಷ ಕಣ್ಣಲ್ಲೇ ನಡೆಯಿತು. ಜೂನ್‌ನಲ್ಲಿ ಕಟ್ಟೆಗೆ ರಜೆ, ಆಗ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗನ, ಎಂದು ಒಂದು ದಿನ ಅವನು ತೆಪ್ಪಕ್ಕೆ ಹೇಳುವವನಂತೆ ಹೇಳಿದ್ದ. ಇವಳು ತಪಾಸಣೆ ಪುಸ್ತಕಕ್ಕೆ ಹೇಳುವವಳಂತೆ ಹೂಂ ಎಂದಿದ್ದಳು. ಅಷ್ಟೇ.

ಅಷ್ಟಕ್ಕೇ ಮೀನುಗಾರರ ಸಂಘದ ಕಾರ್ಯದರ್ಶಿ ಸುಧಾಕರ್ ಅರ್ಜಿ ಬರೆದ, ಮೇಡಂ ಅವರಿಗೆ ಮಾದೇಶನ ಮೇಲೆ ಮೃದು ಎಂದು. ಮೃದುವಲ್ಲವೆಂದು ತೋರಿಸಲು ಹೋಗಿ ಶಿವರಂಜಿನಿ ಕಲ್ಲಾದಳು. ಲೈಸೆನ್ಸ್ ಮನೆಯಲ್ಲಿ ಮರೆತು ನೀರಿಗಿಳಿದದ್ದಕ್ಕೆ ಒಂದು ಕೆಂಪು ಬರಹ. ಬಿಸಿಲಿಗೆ ಬಲೆಯ ಕಣ್ಣು ಅಳತೆಗಿಂತ ಕೂದಲೆಳೆಯಷ್ಟು ಕುಗ್ಗಿದ್ದಕ್ಕೆ ಇನ್ನೊಂದು. ಬೇರೆಯವರಾಗಿದ್ದರೆ ಎಚ್ಚರಿಸಿ ಕಳಿಸುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಎರಡು ಸಲವೂ ಅವನು ತಾನೇ ಪುಸ್ತಕ ಚಾಚಿದ್ದ. ನನಗೆ ಫೋನ್ ಮಾಡಬೇಡಿ ಎಂದು ಹೇಳಿ, ಹೇಳಿದ್ದು ಸಾಲದೆಂದು ನಂಬರನ್ನೂ ಬ್ಲಾಕ್ ಮಾಡಿದಳು. ಆವತ್ತಿನಿಂದ ಅವಳಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ನಿನ್ನೆ ವರ್ಗಾವಣೆಯ ಆದೇಶ ಬಂದಿತ್ತು. ಕರಾವಳಿಗೆ. ನಾಳೆ, ಶನಿವಾರ ಸಂಜೆ ಐದಕ್ಕೆ ಚಾಮರಾಜನಗರದ ಆಫೀಸಿನಿಂದ ಬಿಡುಗಡೆ. ಮಂಗಳವಾರ ಅಲ್ಲಿ ಹಾಜರಿ. ಈ ಜಿಲ್ಲೆಯಲ್ಲಿ ಅವಳ ಕೊನೆಯ ಕೆಲಸ ಮಾದೇಶನ ಬದುಕಿಗೆ ಬೆಂಕಿಯಿಡುವುದೇ ಆಗಬೇಕೆಂದು ಯಾರು ಬರೆದಿಟ್ಟಿದ್ದರೋ. ಬೆಳಿಗ್ಗೆ ಕಟ್ಟೆಯಲ್ಲಿ ಬಲೆ ಬಿಟ್ಟಿದ್ದಾರೆಂದು ಸುಧಾಕರ್ ಕಳಿಸಿದ ಫೋಟೋ ನೋಡಿ ಸಾಹೇಬರು ಫೋನ್ ಮಾಡಿದ್ದರು. ಸಂಜೆಯೊಳಗೆ ಬಲೆ ಸುಟ್ಟಿರಬೇಕು, ಮಹಜರು ಟೇಬಲ್ ಮೇಲಿರಬೇಕು.

ಅವಳು ಜಾಲಿಯ ನೆರಳಲ್ಲಿ ಕೂತು ಮಹಜರು ಪುಸ್ತಕ ತೆರೆದಳು. ಮೊದಲು ಕಾಗದ, ಆಮೇಲೆ ಬಲೆ. ಅದು ಇಲಾಖೆಯವರ ರೂಢಿ. ಬಲೆ ಎಳೆದ ಒದ್ದೆ ಕೈಯಲ್ಲಿ ಬರೆದರೆ ಕಾರ್ಬನ್ ಹಾಳೆ ಕಿತ್ತುಬರುತ್ತದೆ.

"ಬರ್ಯಾದು ಆಮೇಕಿರ್ಲಿ ಕಣಮ್ಮಿ," ಎಂದ ಮರಿಯಯ್ಯ. ಇಲಾಖೆಯ ಹಳೇ ವಾಚರ್. ಅವಳನ್ನು ಮೇಡಂ ಎನ್ನುವುದು ಸಾಹೇಬರ ಎದುರಿಗೆ ಮಾತ್ರ. "ಮೊದ್ಲು ಎಳ್ದು ನೋಡನ."

ಯಾವತ್ತೂ ಇಲ್ಲದ ಮಾತು ಇವತ್ತೇಕೆ ಎಂದು ಅವಳಿಗೆ ರೇಗಿತು. ಮುದುಕ ಕಾಲ ತಳ್ಳುತ್ತಿದ್ದಾನೆ, ಅವನಿಗೂ ಮಾದೇಶನ ಮೇಲೆ ಮಮತೆ. ಯಾರದೆಂದು ತಿಳಿಯದ ಬಲೆ ಎಂದು ಬರೆದರೆ ಯಾರು ಬಂದು ಕೇಳುತ್ತಾರೆ? ಪೆನ್ನು ಆ ಜಾಗದಲ್ಲೇ ನಿಂತಿತು.

ಆಗ ದೊಡ್ಡಮಾದಮ್ಮ ನೆನಪಾದಳು. ಹೋದ ವರ್ಷ ಇದೇ ದಡದಲ್ಲಿ ಆ ಮುದುಕಿಯ ಬಲೆ ಸುಟ್ಟಿದ್ದಳು ಶಿವರಂಜಿನಿ. ನನ್ ಹೆಸ್ರು ಬರೀಬ್ಯಾಡ ಕಣವ್ವ ಎಂದು ಅವಳು ಸೆರಗೊಡ್ಡಿದ್ದಳು. ರೂಲ್ಸ್ ಎಲ್ಲರಿಗೂ ಒಂದೇ ಅಜ್ಜಿ ಎಂದು ಹೇಳಿ ಇವಳು ಬರೆದಿದ್ದಳು. ಅವಳಿಗೊಂದು, ನಾನು ಪ್ರೀತಿಸುವವನಿಗೊಂದು ಆದರೆ ನಾನೆಂಥವಳು?

ಪ್ರೀತಿಸುವವನು. ಆ ಮಾತು ಮನಸ್ಸಿನಲ್ಲಿ ಮೊದಲ ಸಲ ಬಂದದ್ದು ಮಹಜರು ಬರೆಯುವಾಗ. ಅವಳು ಹಲ್ಲು ಕಚ್ಚಿ ಅವನ ಲೈಸೆನ್ಸ್ ನಂಬರ್ ಬರೆದಳು. ನಂಬರ್ ನೋಡಿಕೊಳ್ಳಬೇಕಾಗಿರಲಿಲ್ಲ, ಬಾಯಿಪಾಠವಿತ್ತು. ಕಣ್ಣೀರು ಬಿದ್ದು ಕೊನೆಯ ಅಂಕಿ ಹರಡಿತು. ಹಾಳೆ ಒದ್ದೆಯಾಗದಿರಲೆಂದು ಮೊದಲೇ ಬರೆದದ್ದೂ ದಂಡವಾಯಿತು.

ತಲೆಯೆತ್ತಿದರೆ ಮಾದೇಶ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಅವನು ಅವಳನ್ನು ನೋಡಿದ, ಪುಸ್ತಕ ನೋಡಿದ.

"ಬರ್ದೇ ಬುಟ್ರಾ?"

ಅವಳು ಪುಸ್ತಕ ಮುಚ್ಚಿದಳು. ಅವನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ಅವನು ತೆಪ್ಪ ನೀರಿಗೆ ನೂಕಿ, ಬನ್ನಿ ಎಂದು ಕೈ ತೋರಿಸಿದ. ಮರಿಯಯ್ಯನಿಗೆ ಇದ್ದಕ್ಕಿದ್ದಂತೆ ಮಂಡಿನೋವು ಬಂದು, ದಡದಿಂದಲೇ ನೋಡಿಕೊಳ್ಳುವೆನೆಂದ.

ತೆಪ್ಪದಲ್ಲಿ ಇಬ್ಬರ ಮಂಡಿಗಳ ನಡುವೆ ಒಂದು ಗೇಣು ಜಾಗ. ಅವನು ಹುಟ್ಟು ಹಾಕುತ್ತಿದ್ದ, ಅವಳು ನೀರು ನೋಡುತ್ತಿದ್ದಳು. ಒಂದು ಸಲ ಅವಳ ದುಪಟ್ಟಾ ಗಾಳಿಗೆ ಹಾರಿ ಅವನ ಮೊಣಕೈಗೆ ತಗುಲಿತು. ಅವನು ಅದನ್ನು ಸರಿಸಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ.

ಯಾಕೆ ಮಾಡಿದಿರಿ ಎಂದು ಕೊನೆಗೆ ಅವಳೇ ಕೇಳಿದಳು. ಸಂತೆಮರಹಳ್ಳಿ ಸಂತೆಯಲ್ಲಿ ನಿಮ್ಮ ಅಮ್ಮ ಸೋಮಮ್ಮ ನಾಳೆ ಏನು ಮಾರುತ್ತಾರೆ, ನಿಮಗೆ ಈ ನೀರು ಬಿಟ್ಟು ಇನ್ನೇನು ಗೊತ್ತು, ಮೂರು ತಿಂಗಳು ತಡೆಯಲಾಗಲಿಲ್ಲವೇ ಎಂದು ಒಂದೇ ಉಸಿರಿಗೆ ಬೈದಳು.

"ಎಳೀರಿ," ಎಂದ ಮಾದೇಶ.

ಅವಳು ಗುಲಾಬಿ ಬೆಂಡು ಹಿಡಿದು ಎಳೆದಳು. ಹಗ್ಗ ಬಂತು. ಬಲೆಯ ಭಾರಕ್ಕೆ ಸಿದ್ಧವಾಗಿದ್ದ ಕೈ ಬರಿದೇ ಹಿಂದಕ್ಕೆ ಹೋಯಿತು. ಇನ್ನಷ್ಟು ಎಳೆದಳು. ಇನ್ನಷ್ಟು ಹಗ್ಗ, ಇನ್ನೊಂದು ಬೆಂಡು. ಹನ್ನೊಂದೂ ಬೆಂಡು ತೆಪ್ಪದೊಳಗೆ ಬಂದವು. ಹಗ್ಗದ ತುದಿಗೆ ಒಂದು ಕಲ್ಲು. ಬಲೆಯೆಂಬುದು ಒಂದು ಎಳೆಯೂ ಇರಲಿಲ್ಲ.

"ಸಂಗದ ಮೀಟಿಂಗಲ್ಲಿ ನೀವೇ ಓದಿದ್ರಲ್ಲ, ಬಲೆ ಬುಡಂಗಿಲ್ಲ, ಗಾಳ ಆಕಂಗಿಲ್ಲ ಅಂತ. ಅಗ್ಗ ಬುಡಬ್ಯಾಡಿ ಅಂತ ಓದ್ಲಿಲ್ಲ," ಎಂದ. ತಮಾಷೆ ಮಾಡಲು ಹೊರಟವನಿಗೆ ತಮಾಷೆ ಆಗಲಿಲ್ಲ. "ನೀವು ಓಯ್ತಿದ್ದೀರಿ ಅಂತ ಮರಿಯಯ್ಯ ಯೋಳುದ್ರು. ಪೋನ್ ಮಾಡುದ್ರೆ ಓಗಕಿಲ್ಲ. ಆಪೀಸಿಗೆ ಬಂದ್ರೆ ನಿಮ್ಗೆ ಕೆಟ್ಟೆಸ್ರು. ಕಂಪ್ಲೇಂಟ್ ಬಂದ್ರೆ ಮಾತ್ರ ನೀವು ಬರಾದು. ಇನ್ನೇನ್ ಮಾಡ್ಲಿ ನಾನು? ಒಂದ್ಸಲ ಮೊಕ ನೋಡ್ಬೇಕಿತ್ತು, ಅಷ್ಟೇಯ."

ಶಿವರಂಜಿನಿ ಒದ್ದೆ ಹಗ್ಗವನ್ನು ಮಡಿಲಲ್ಲಿ ಹಿಡಿದು ಕೂತಳು. ಎಳೆಯುವ ಮೊದಲೇ ಬರೆದುಬಿಟ್ಟಿದ್ದಳು. ಇವನನ್ನು ಕೇಳದೆ, ನೋಡದೆ, ನಂಬದೆ.

"ನಾನು ನಿಮ್ಮ ನಂಬರ್ ಬರೆದುಬಿಟ್ಟೆ," ಎಂದಳು. "ನೀವೇ ಅಂತ ತಿಳಿದೇ ಬರೆದೆ."

"ನೋಡ್ದೆ."

"ನಿಮಗೆ ಬೇಜಾರಾಗಲಿಲ್ವಾ?"

ಅವನು ಹುಟ್ಟನ್ನು ಅಡ್ಡ ಇಟ್ಟ. "ಆಯ್ತು. ಎದೇಲಿ ಮುಳ್ಳು ಮುರ್ದಂಗಾಯ್ತು. ಆದ್ರೆ ದೊಡ್ಡಮಾದಮ್ಮನ ಬಲೆ ಸುಟ್ಟೋರು ನಂದು ಬುಟ್ಟಿದ್ರೆ, ಆ ಮುದ್ಕಿ ಮೊಕ ಎಂಗ್ ನೋಡ್ಲಿ ನಾನು?"

ಶಿವರಂಜಿನಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕೆಂಪು ಶಾಯಿಯ ಎರಡು ದಿನಗಳನ್ನೂ, ಬರದಂತೆ ಮಾಡಿದ ಫೋನುಗಳನ್ನೂ ಸೇರಿಸಿಯೇ ಅತ್ತಳು. ಅವನು ಮುಟ್ಟಲಿಲ್ಲ, ದಡದಲ್ಲಿ ಮರಿಯಯ್ಯನಿದ್ದ, ಅದಕ್ಕಿಂತ ಹೆಚ್ಚಾಗಿ ಅವಳ ಪಕ್ಕದಲ್ಲಿ ಸರ್ಕಾರದ ಪುಸ್ತಕವಿತ್ತು. ತೆಪ್ಪ ತಿರುಗದಂತೆ ಮಾತ್ರ ನೋಡಿಕೊಂಡ.

ಅಳು ನಿಂತ ಮೇಲೆ ಅವಳು ಪುಸ್ತಕ ತೆರೆದಳು. ನಂಬರಿರುವ ಹಾಳೆ, ಹರಿಯುವಂತಿಲ್ಲ. ಬರೆದದ್ದರ ಮೇಲೆ ಗೆರೆ ಎಳೆದಳು. ಕೆಳಗೆ ಬರೆದಳು: ಬಲೆ ಇರಲಿಲ್ಲ. ಹಗ್ಗ ಒಂದು, ಬೆಂಡು ಹನ್ನೊಂದು, ಕಲ್ಲು ಒಂದು. ನಿಷೇಧ ಉಲ್ಲಂಘನೆ ಆಗಿಲ್ಲ. ಎಳೆಯದೆ ಮೊದಲೇ ಬರೆದದ್ದು ನನ್ನ ತಪ್ಪು. ಸಾಹೇಬರು ಬೈದರೆ ಬೈಯಲಿ, ನಾಳೆ ಒಂದು ದಿನ ಬೈಸಿಕೊಳ್ಳಬಹುದು.

"ನಾಳೆ ಐದಕ್ಕೆ ರಿಲೀವ್ ಆಗ್ತೀನಿ," ಎಂದಳು. "ಐದಾದ ಮೇಲೆ ಈ ಕಟ್ಟೆಗೆ ನಾನು ಯಾರೂ ಅಲ್ಲ."

ಅದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಿನ್ನೆಯಿಂದ ಇಬ್ಬರೂ ಆ ವರ್ಗಾವಣೆಯನ್ನು ಸಾವಿನ ಸುದ್ದಿಯಂತೆ ಎಣಿಸಿದ್ದರು. ಅವಳಿಗೂ ಅದು ಹೊಳೆದದ್ದು ಆಗಷ್ಟೇ.

"ಐದೂ ಐದಕ್ಕೆ ಪೋನ್ ಮಾಡುದ್ರೆ?"

"ಐದಕ್ಕೇ ಬ್ಲಾಕ್ ತೆಗೀತೀನಿ. ಭಾನುವಾರ ಬೆಟ್ಟಕ್ಕೆ ಬಸ್ಸಿದೆ."

"ಆಮೇಕೆ? ಸಮುದ್ರ ಬೋ ದೂರ ಕಣಮ್ಮಿ."

ಮೇಡಂ ಹೋಗಿ ಅಮ್ಮಿ ಬಂದದ್ದನ್ನು ಅವಳು ಕೇಳಿಸಿಕೊಂಡಳು. ದೂರ ಹೌದು. ಯಾವಾಗ ಬರುವುದು, ಮನೆಯವರಿಗೆ ಹೇಗೆ ಹೇಳುವುದು, ಯಾವುದೂ ಗೊತ್ತಿರಲಿಲ್ಲ. ಅವಳು ಗುಲಾಬಿ ಬೆಂಡಿನ ಗಂಟು ಬಿಚ್ಚತೊಡಗಿದಳು. ನೀರು ಕುಡಿದ ಗಂಟು, ಉಗುರು ನೋಯಿತು.

"ಅದು ನಂದು, ಬುಡಿ," ಎಂದ ಮಾದೇಶ ಗಾಬರಿಯಲ್ಲಿ. "ಅದೊಂದಾದ್ರೂ ಇರ್ಲಿ ನನ್ತಾವ."

ಅವಳು ಬೆಂಡನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಇಟ್ಕೊಳ್ಳಿ. ಇದರ ಜೋಡಿ ನನ್ನ ಬೀರುವಿನಲ್ಲಿದೆ. ಅಮ್ಮ ಎರಡು ಸಲ ಎಸೆದ್ರು, ಎರಡು ಸಲವೂ ಹೋಗಿ ತಂದೆ."

ಮಾದೇಶ ಆ ಮುಷ್ಟಿಯನ್ನು ಬಿಚ್ಚದೆ ಹಾಗೇ ಹಿಡಿದುಕೊಂಡ, ಹುಟ್ಟನ್ನು ಮರೆತ. ತೆಪ್ಪ ತಾನಾಗಿ ಒಂದು ಸುತ್ತು ತಿರುಗಿತು. ದಡದಲ್ಲಿ ಮರಿಯಯ್ಯ ಎದ್ದು, ಇತ್ತ ಬೆನ್ನು ಮಾಡಿ ಕೂತ.