ಹುತ್ತದೊಳಗಿನ ಹಸಿವು

“ಸಾಹೇಬ್ರ, ಆ ಭಂಡಾರ ಹಚ್ಚಿದ ಹುತ್ತಕ್ಕ ಕೈ ಹಚ್ಚಬ್ಯಾಡ್ರಿ. ಯಾರೋ ನನ್ನ ಮಗಳಿಗೆ ಮಾಟಾ ಮಾಡಿಸಿದ್ರು. ಎಷ್ಟ ಉಂಡ್ರೂ ಆಕಿ ತಣೀತಿರಲಿಲ್ಲ. ಆ ಹಸಿವಿ ಇಳಿಸಿ ಅದರಾಗ ಇಟ್ಟೇವಿ.”

ಕುರಿ ಕಾಯುವ ಮಾಯವ್ವ ಹೀಗೆಂದಾಗ ಅಮೋಲ ನಕ್ಕುಬಿಟ್ಟ. “ನನ್ನ ಹೆಂಡತಿಗೆ ಹಸಿವಿ ಅನ್ನೂದ ಇಲ್ಲ ಯವ್ವಾ. ಆಕಿಗೂ ಒಂದೀಟು ಕೊಡ್ಲಿ ಬಿಡು!”

ನಗುವಿನಲ್ಲಿ ಸಿಟ್ಟೇ ಹೆಚ್ಚಿತ್ತು. ರಬಕವಿಯಿಂದ ಅನಗವಾಡಿಗೆ ವರ್ಗವಾಗಿ ಬಂದ ವಿಜ್ಞಾನದ ಮಾಸ್ತರ ಆತ. ಬಸುರಿ ಹೆಂಡತಿ ಅನುರಾಧಾಳಿಗೆ ತುತ್ತು ಇಳಿಯದು, ಉಂಡದ್ದೆಲ್ಲ ವಾಂತಿ. ಹೊಟ್ಟೆಯ ಕೂಸು ಬೆಳೆಯುತ್ತಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಅವಳು ಬಾಯಿಬಿಟ್ಟು ಕೇಳಿದ್ದು ಹುತ್ತದ ಅಣಬೆ ಪಲ್ಯವೊಂದನ್ನೇ. ಆರಿದ್ರಾ ಮಳೆ ಬಿದ್ದು, ಬಿಸಿಲು ಕಾದು, ನೆಲ ಬೆವರಿದರೆ ಜಾಲಿ ಪೊದೆಗಳ ನಡುವಿನ ಹಳೇ ಹುತ್ತಗಳಲ್ಲಿ ಅಣಬೆ ಏಳುತ್ತದೆಂದು ಆತ ಬಲ್ಲ. ಮಳೆ ಬಿತ್ತು. ಬಿಸಿಲೂ ಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಗುಡ್ಡವೆಲ್ಲ ಅಲೆದರೂ ಕಂಡದ್ದು ಯಾರೋ ಕೊಯ್ದು ಬಿಟ್ಟ ಬುಡಗಳು ಮಾತ್ರ. ಊರಿಗೆಲ್ಲ ಸಿಗುವುದು ತನಗೊಬ್ಬನಿಗೆ ಸಿಗದೆಂದರೆ ಯಾರಿಗಾದರೂ ಮೈ ಉರಿಯುತ್ತದೆ.

ಮಾಯವ್ವ ಕುರಿ ಹೊಡೆದುಕೊಂಡು ಇಳಿದು ಹೋದಳು. ಅಮೋಲ ಅದೇ ಹುತ್ತದತ್ತ ತಿರುಗಿದ. ಭಂಡಾರದ ಅರಿಶಿನ ಬಳಿದ ಮೈತುಂಬ ಬೆಳ್ಳನೆಯ ಅಣಬೆ. ಹಸಿ ಮಣ್ಣಿನ ವಾಸನೆಯ ಅಡಿಯಲ್ಲಿ ಹಳಸಿದ ಅನ್ನದ ವಾಸನೆ. ಇಲ್ಲಿಯವರು ಅಣಬೆಯನ್ನು ಮಣ್ಣಿನ ಮೇಲಷ್ಟೇ ಕೊಯ್ದು, ಬುಡ ಹುತ್ತಕ್ಕೇ ಬಿಡುತ್ತಾರೆ. ಈತನಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಎಳೆದರೆ ತುಂಡಾದವು. ಸಿಟ್ಟು ನೆತ್ತಿಗೇರಿತು. ಕಳೆ ಕೀಳುವ ಕುರ್ಪಿಯಿಂದ ಹುತ್ತವನ್ನೇ ಬಗೆದು ಬುಡಸಮೇತ ಚೀಲ ತುಂಬಿದ. ಒಳಗಿನ ಕತ್ತಲಲ್ಲಿ ಯಾರೋ ಬಾಯಿ ಚಪ್ಪರಿಸಿದಂತಾಯಿತು. ಗೆದ್ದಲು ಎಂದುಕೊಂಡ.

ಅಂದು ರಾತ್ರಿ ಅನುರಾಧಾ ಆ ಅಣಬೆಯ ಪಲ್ಯ ಉಂಡಳು. ವಾಂತಿಯಾಗಲಿಲ್ಲ. ಅಮೋಲನಿಗೆ ಕಣ್ಣಲ್ಲಿ ನೀರು ಬಂತು.

“ಇನ್ನಷ್ಟ ಹಾಕ್ರಿ.”

ಪಲ್ಯ ತೀರಿತು. ರೊಟ್ಟಿ ತೀರಿದವು. ಹಸಿ ಹಿಟ್ಟು ಮುಕ್ಕಿದಳು. ಬೆಳಗಾಗುವಷ್ಟರಲ್ಲಿ ಗೋಡೆಯ ಮಣ್ಣು ಕೆರೆಯುತ್ತಿದ್ದಳು. ಉಗುರು ಕಿತ್ತುಬಂದಿತ್ತು. ತುಟಿಯಲ್ಲಿ ರಕ್ತ.

“ಹಸಿವಿರೀ... ಹೊಟ್ಟ್ಯಾಗಿನ ಕೂಸನ್ನ ತಿಂದಬಿಡ್ತೇನೇನೋ ಅನಸಾಕತ್ತೇತ್ರಿ...”

ಅಮೋಲ ಓಡಿದ. ಮಾಯವ್ವನ ಕಾಲು ಹಿಡಿದ.

“ಇಳಸಬಹುದ್ರಿ. ಎಲ್ಲಿ ಇಳಸೂದು? ಇದರ ಮನಿ ನೀವ ಒಡದೀರಿ. ಬ್ಯಾರೆ ಹುತ್ತ ತಗೊಳ್ಳೂದಿಲ್ಲ. ಒಡದಾವ್ರ ತಗೋಬೇಕು.”

“ನನಗ ಇಳಸು.”

ಮಾಯವ್ವ ಮನೆಗೆ ಬಂದು, ತನ್ನ ಕುಲದೇವರು ಬೀರಪ್ಪನ ಹೆಸರು ಹೇಳಿ, ಅನುರಾಧಾಳ ಮೇಲೆ ಭಂಡಾರ ತೂರಿ, ಅನ್ನದ ಉಂಡೆ ನಿವಾಳಿಸಿ ಅಮೋಲನ ಬಾಯಿಗಿಟ್ಟಳು. ಆತ ನುಂಗಿದ. ಅನುರಾಧಾ ನಿದ್ದೆ ಹೋದಳು.

ಮಗಳು ಹುಟ್ಟಿದಳು. ಗುಂಡುಗುಂಡಗೆ, ಕೆಂಪಗೆ. ಅಷ್ಟರಲ್ಲಿ ಅಮೋಲ ಹಿಂದಿನ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಕಿಟಕಿಯಿಂದ ಕೊಟ್ಟ ಬುಟ್ಟಿ ತುಂಬ ರೊಟ್ಟಿ ಖಾಲಿಯಾಗಿತ್ತು. ಬುಟ್ಟಿಯನ್ನೂ ಅರ್ಧ ತಿಂದಿದ್ದ.

ಅನುರಾಧಾ ಬಾಗಿಲು ಬಡಿದಳು. “ಒಮ್ಮೆರೆ ಮಗಳ ಮಾರಿ ನೋಡ್ರಿ.”

ಸಂದಿಯಿಂದ ಹಾಲಿನ ವಾಸನೆ ಬಂತು. ಎಳೆ ಮೈಯ ವಾಸನೆ. ಬಾಯಲ್ಲಿ ನೀರೂರಿತು. ಆತ ಅತ್ತುಬಿಟ್ಟ. ಕೈ ಆಗಲೇ ಚಿಲಕದ ಮೇಲಿತ್ತು.

“ಅನೂ, ಹೊರಗಿಂದ ಕೀಲಿ ಹಾಕು. ಲಗೂನ ಹಾಕು.”

ಆ ಹಸಿವು ಎಂಥದೆಂದು ಅವಳಿಗೆ ಗೊತ್ತಿತ್ತು. ಕೂಸನ್ನು ಎದೆಗವಚಿಕೊಂಡು ಕೀಲಿ ಹಾಕಿದಳು.